ವಸಡಿನ ಬಣ್ಣದ ದೋಣಿ

ಬುಗುರಿ ಒಂದು ಕಡೆ ಸುಮ್ಮನೆ ಕೂತದ್ದನ್ನು ಕಂಡ ಪ್ರಾಣಿ ಈ ಭೂಮಂಡಲದಲ್ಲೇ ಇರಲಿಲ್ಲ. ಹುಟ್ಟಿದ ಗಳಿಗೆಯಲ್ಲೇ ಅವಳು ತೊಟ್ಟಿಲು ಬೇಡವೆಂದು ಎದ್ದು ಹೊರಟಿದ್ದಳೆಂದು ಹೆತ್ತ ತಾಯಿಯೇ ಹೇಳುತ್ತಿದ್ದಳು. ಊಟಕ್ಕೆ ಕೂತರೆ ಒಂದು ತುತ್ತಿಗೆ ಎದ್ದು ಕಿಟಕಿ ಮುಚ್ಚುವಳು, ಮುಂದಿನ ತುತ್ತಿಗೆ ಎದ್ದು ಅದನ್ನೇ ತೆರೆಯುವಳು. ಮಲಗಿದರೆ ಬೆಳಗಾಗುವಷ್ಟರಲ್ಲಿ ಮಂಚವೇ ಈ ಗೋಡೆಯಿಂದ ಆ ಗೋಡೆಗೆ ನಡೆದುಹೋಗಿರುತ್ತಿತ್ತು. ತಂದೆತಾಯಿ ಚಂದದ ಹೆಸರೊಂದನ್ನು ಇಟ್ಟಿದ್ದರು ನಿಜ. ಆ ಹೆಸರು ಅವಳ ಹಿಂದೆ ಓಡಿ ಓಡಿ ಸುಸ್ತಾಗಿ ಎಲ್ಲೋ ದಾರಿಯಲ್ಲೇ ಕೂತುಬಿಟ್ಟಿತು. ಉಳಿದದ್ದು ಬುಗುರಿ.

ಅವಳ ಕಸುಬು ಕಟ್ಟುಹಲ್ಲಿನದು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದೆ ಬೆಂಕಿಪೊಟ್ಟಣದಷ್ಟು ದೊಡ್ಡ ಕೋಣೆ. ಅಲ್ಲಿ ಪ್ಲಾಸ್ಟರಿನ ದವಡೆಗಳ ಸಾಲಿನ ನಡುವೆ ನಿಂತು, ಗಿರ್ರನೆ ತಿರುಗುವ ಬಟ್ಟೆಯ ಚಕ್ರಕ್ಕೆ ಹಲ್ಲಿನ ಸೆಟ್ಟುಗಳನ್ನು ಒತ್ತಿ ಹೊಳಪು ಕೊಡುತ್ತಿದ್ದಳು. ತನಗಿಂತ ಜೋರಾಗಿ ತಿರುಗುವ ವಸ್ತು ಲೋಕದಲ್ಲಿ ಅದೊಂದೇ ಆದ್ದರಿಂದ ಅದರ ಮುಂದೆ ಮಾತ್ರ ಅವಳಿಗೆ ತುಸು ಸಮಾಧಾನ. ಅವಳು ಪಾಲಿಶ್ ಮಾಡಿದ ಸೆಟ್ಟು ಹಾಕಿಕೊಂಡು ಯಾರಾದರೂ ನಕ್ಕರೆ ಎದುರಿಗಿದ್ದವರು ಅದರಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದಿತ್ತು.

ಗಂಡ ಬಸ್ ಡ್ರೈವರ್. ಅವನಿಗೆ ಬೀದಿಯವರು ಇಟ್ಟ ಹೆಸರು ಗುಡ್ಡ. ಮೈ ದೊಡ್ಡದೆಂದಲ್ಲ, ಅಲುಗಾಡುವುದಿಲ್ಲವೆಂದು. ಡ್ಯೂಟಿ ಮುಗಿಸಿ ಬಂದು ಕುರ್ಚಿಯಲ್ಲಿ ಕೂತನೆಂದರೆ ಕುರ್ಚಿಯ ಕಾಲುಗಳು ನೆಲದೊಳಗೆ ಬೇರು ಬಿಡುತ್ತಿದ್ದವು. ಅವನನ್ನು ಊಟಕ್ಕೆಬ್ಬಿಸಲು ಹಾರೆ ಗುದ್ದಲಿ ಬೇಕಾಗುತ್ತಿತ್ತು. ಮಾತೂ ಅಷ್ಟೇ. ದೇವರು ಬಾಯಿ ಕೊಟ್ಟದ್ದು ಒಂದೇ ಶಬ್ದಕ್ಕಾಗಿ ಎಂಬಂತೆ ಎಲ್ಲದಕ್ಕೂ "ನೋಡೋಣ" ಎನ್ನುತ್ತಿದ್ದ.

ಈ ಗುಡ್ಡ ನೀರಿನವರ ಮಗ. ಅಪ್ಪ ಹೊಳೆ ದಾಟಿಸುವ ಅಂಬಿಗನಾಗಿದ್ದ. ನಡೆಯುವುದಕ್ಕಿಂತ ಮೊದಲೇ ಮಗ ಹುಟ್ಟು ಹಾಕುವುದನ್ನು ಕಲಿತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಊರಾಚೆಯ ಕೆರೆಗೆ ಕರೆದೊಯ್ದು, ಬಾಡಿಗೆ ದೋಣಿ ಹಿಡಿದು, ಹೆಮ್ಮೆಯಿಂದ ನಡುನೀರಿಗೆ ತಂದ. ಅಲ್ಲಿ ಬುಗುರಿಗೆ ಒಂದು ಆಮೆ ಕಂಡಿತು. "ಅಯ್ಯೋ ನೋಡೂ!" ಎಂದು ಎದ್ದು ನಿಂತಳು. ಮರುಕ್ಷಣ ಆಮೆಯೇ ಇವರಿಬ್ಬರನ್ನು ನೋಡುತ್ತಿತ್ತು. ಈಜಿ ದಡ ಸೇರಿದರೇನೋ ಸರಿ; ಗುಡ್ಡನ ಕನ್ನಡಕವೂ, ಅಪ್ಪನಿಂದ ಬಂದ ಕೈಗಡಿಯಾರವೂ ಕೆರೆಯ ಪಾಲಾದವು.

ಗುಡ್ಡ ಬೈಯಲಿಲ್ಲ. ಬೈದಿದ್ದರೆ ಬುಗುರಿ ಎರಡು ಮಾತು ತಿರುಗಿಸಿ ಕೊಟ್ಟು ಮರೆತುಬಿಡುತ್ತಿದ್ದಳು. ಆದರೆ ಅಂದಿನಿಂದ ಅವನು ಯಾವ ದೋಣಿಯಲ್ಲೂ ಕಾಲಿಡಲಿಲ್ಲ. "ಕೆರೆಗೆ ಹೋಗೋಣ್ವಾ?" ಎಂದರೆ "ನೋಡೋಣ." "ಈ ಸಲ ಅಲ್ಲಾಡಲ್ಲ, ಆಣೆ" ಎಂದರೆ "ನೋಡೋಣ." ಹಾಗೇ ವರ್ಷಗಳು ಉರುಳಿದವು, ಬುಗುರಿಯೂ ಮರೆತಿದ್ದಳೇನೋ. ಆದರೆ ಮೇಲಿನ ಮಹಡಿಯಲ್ಲಿ ಗುಡ್ಡನ ತಂಗಿ ಇದ್ದಳು. ಇಸ್ತ್ರಿ ಅಂಗಡಿಯವಳು, ನಾಲಿಗೆಯೂ ಇಸ್ತ್ರಿಪೆಟ್ಟಿಗೆಯಷ್ಟೇ ಬಿಸಿ. ಒಂದು ಸಂಜೆ ಆ ನಾದಿನಿ ಮೆಟ್ಟಿಲಿಳಿಯುತ್ತ ಹೇಳಿದಳು:

"ಅತ್ತಿಗೇ, ರಜೆ ದಿನ ನಮ್ಮಣ್ಣ ಎಲ್ಲಿಗೆ ಹೋಗ್ತಾನೆ ಗೊತ್ತಾ ನಿನಗೆ?"

"ಡಿಪೋಗೆ. ಮತ್ತೆಲ್ಲಿಗೆ?"

"ಡಿಪೋನಂತೆ ಡಿಪೋ! ಕೆರೆ ದಂಡೆ ಬೆಂಚಿನ ಮೇಲೆ ಕೂತಿರ್ತಾನೆ. ಬೇರೆಯವರ ದೋಣಿ ನೋಡ್ತಾ. ಮಿಠಾಯಿ ಅಂಗಡಿ ಮುಂದೆ ಮಕ್ಕಳು ನಿಂತಿರ್ತಾವಲ್ಲ, ಥೇಟ್ ಹಂಗೆ."

ಅಂದು ಬುಗುರಿ ಅಡುಗೆಮನೆಯಲ್ಲಿ ತಿರುಗಿದ ತಿರುಗಾಟಕ್ಕೆ ನೆಲದ ಕಲ್ಲೇ ಸವೆದು ಕೆಳಗಿನ ಮಣ್ಣು ಕಂಡಿತಂತೆ. ಬಾಡಿಗೆ ದೋಣಿಗೆ ಅವನು ಬರುವವನಲ್ಲ. ಆದರೆ ತಮ್ಮದೇ ದೋಣಿಯಾದರೆ? ಕಂಡ ಕೂಡಲೇ ಅಂಬಿಗನ ಮಗನ ಕಾಲು ತಾನಾಗಿ ಒಳಗಿಳಿಯುವಂಥ ದೋಣಿ? ಹಾಗೆಂದು ಮನಸ್ಸಿಗೆ ಬಂದದ್ದೇ ತಡ, ಅವಳಿಗೆ ಮುಳ್ಳಿನ ಮೇಲೆ ಕೂತಂತಾಯಿತು. ಮುಳ್ಳಿಲ್ಲದೆಯೂ ಅವಳು ಕೂರುತ್ತಿರಲಿಲ್ಲ, ಆ ಮಾತು ಬೇರೆ.

ದೋಣಿ ಸಿಕ್ಕಿದ್ದೂ ಹಲ್ಲಿನ ದೆಸೆಯಿಂದಲೇ. ಕ್ಲಿನಿಕ್ಕಿಗೆ ಬರುತ್ತಿದ್ದ ಹಳೇ ಈಜು ಮಾಸ್ತರರ ಕೆಳಗಿನ ಸೆಟ್ಟು ಎಷ್ಟು ಸಡಿಲವಾಗಿತ್ತೆಂದರೆ, ಅವರು ಒಂದು ವಾಕ್ಯ ಶುರು ಮಾಡಿದರೆ ಹಲ್ಲು ಇನ್ನೊಂದು ವಾಕ್ಯ ಮುಗಿಸುತ್ತಿತ್ತು. ಬುಗುರಿ ಸೆಟ್ಟು ಸರಿಮಾಡುತ್ತ ದೋಣಿಯ ಮಾತೆತ್ತಿದಳು. ಮಾಸ್ತರರು ಬೊಚ್ಚುಬಾಯಲ್ಲೇ ನಕ್ಕರು.

"ನನ್ನ ಹಿತ್ತಲಲ್ಲಿ ಒಂದಿದೆಯಮ್ಮಾ. ಕವುಚಿ ಹಾಕಿ ಮರೆತೇಬಿಟ್ಟಿದ್ದೆ. ಬಿಸಿಲು ಅದನ್ನ ತಿಂದು ನೀರು ಕುಡಿದಿದೆ. ನನ್ನ ಹಲ್ಲು ಕಡಲೆ ಕಡಿಯೋ ಹಾಗೆ ಮಾಡಿಕೊಡು, ಆ ಹೆಣ ಹೊತ್ಕೊಂಡು ಹೋಗು."

ಹೋಗಿ ನೋಡಿದಳು. ಇಬ್ಬರು ಹಿಂದೆಮುಂದೆ ಕೂರುವ ಉದ್ದನೆಯ ಸಪೂರ ಫೈಬರ್ ದೋಣಿ, ಕನೂ ಎನ್ನುತ್ತಾರಲ್ಲ, ಅದು. ಒಂದಾನೊಂದು ಕಾಲದಲ್ಲಿ ಕಡುಗೆಂಪಾಗಿದ್ದಿರಬೇಕು. ಬಿಸಿಲು ಹೀರಿ ಹೀರಿ ಈಗ ಪೆಚ್ಚು ಗುಲಾಬಿ. ಕೈಯಿಟ್ಟರೆ ಅಂಗೈಗೆ ಸುಣ್ಣದಂಥ ಬಿಳಿ ಪುಡಿ. ಮೈತುಂಬ ಜೇಡನ ಬಲೆಯಂಥ ಬಿರುಕು, ಅಂಚಿನ ಮರದ ಪಟ್ಟಿ ಬೂದಿಬಣ್ಣವಾಗಿ ಸೀಳಿತ್ತು. ಕೂರುವ ಪಟ್ಟಿಯನ್ನು ಒತ್ತಿದರೆ ಹಪ್ಪಳದಂತೆ ಮುರಿದು ಉದುರಿತು. ಬೇರೆ ಯಾರೇ ಆಗಿದ್ದರೂ ಕೈಮುಗಿದು ವಾಪಸು ಬರುತ್ತಿದ್ದರು. ಬುಗುರಿಯ ಕಣ್ಣು ಮಾತ್ರ ಅರಳಿತು. ಆ ಗುಲಾಬಿ ಅವಳು ದಿನಾ ಕಲಸುವ ಬಣ್ಣ, ಕಟ್ಟುಹಲ್ಲಿನ ವಸಡಿನ ಬಣ್ಣ!

"ಇದು ನನ್ನದೇ," ಎಂದಳು. ಮಾಸ್ತರರಿಗೆ ಎಂಥ ಸೆಟ್ಟು ಮಾಡಿಕೊಟ್ಟಳೆಂದರೆ, ಅವರು ಅಂದಿನಿಂದ ಅಡಿಕೆಯನ್ನಲ್ಲ, ಅಡಕತ್ತರಿಯನ್ನೇ ಜಗಿಯಬಲ್ಲವರಾದರು. ದೋಣಿಯನ್ನು ತಳ್ಳುಗಾಡಿಯ ಮೇಲೆ ಕಟ್ಟಿಕೊಂಡು, ಬೀದಿಯ ನಾಯಿಗಳ ಮೆರವಣಿಗೆಯೊಂದಿಗೆ ತಾನೇ ಮನೆಗೆ ತಂದಳು.

ಮನೆಗೂ ಕಾಂಪೌಂಡಿಗೂ ನಡುವೆ ಒಂದು ಓಣಿ. ದೋಣಿ ಓಣಿಗಿಂತ ಉದ್ದ. ಮೂತಿ ಬೀದಿಗೆ ಚಾಚಿಕೊಂಡಿತು. ಹಾಲಿನವನ ಸೈಕಲ್ಲು ಮೊದಲ ದಿನವೇ ಅದಕ್ಕೆ ಗುದ್ದಿ ಬೀದಿಯೆಲ್ಲ ಹಾಲಾಯಿತು.

"ಅತ್ತಿಗೇ, ಇದು ದೋಣಿನೋ, ಯಾವುದಾದ್ರೂ ಮೀನಿನ ಅಸ್ಥಿಪಂಜರಾನೋ?" ನಾದಿನಿ ಮಹಡಿಯಿಂದ ಬಗ್ಗಿ ಕೇಳಿದಳು. "ಅರ್ಧ ಹೆಣೆದ ಸ್ವೆಟರ್ ಬುಟ್ಟಿಲಿದೆ. ಅರ್ಧ ಬಣ್ಣ ಹೊಡೆದ ಗೋಡೆ ಕಣ್ಣೆದುರಿಗಿದೆ. ಹೊಲಿಗೆ ಮಿಷನ್ನು ಹೊಟ್ಟೆ ಬಿಚ್ಕೊಂಡು ಅಂಗಾತ ಮಲಗಿದೆ. ಇನ್ನು ಇದೊಂದು ಅರ್ಧ ಬೇಕಿತ್ತು ನಮಗೆ!"

"ನೀನು ಬಟ್ಟೆ ಸುಡದ ಹಾಗೆ ಇಸ್ತ್ರಿ ಹಾಕು, ಸಾಕು. ಇದು ಪೂರ್ತಿ ಆಗತ್ತೆ."

ಗುಡ್ಡ ಬಸ್ಸು ಬಿಟ್ಟು ಬಂದವನು ಓಣಿಯ ಬಾಯಲ್ಲಿ ನಿಂತ. ದೋಣಿಯ ಬೆನ್ನ ಮೇಲೆ ಮೆಲ್ಲಗೆ ಕೈಯಾಡಿಸಿ, ಅಂಗೈಗೆ ಹತ್ತಿದ ಬಿಳಿ ಪುಡಿಯನ್ನು ದಿಟ್ಟಿಸಿದ. ಬುಗುರಿ ಅವನ ಸುತ್ತ ಒಂದು ಸುತ್ತು ಹಾಕಿ ಕೇಳಿದಳು:

"ರಿಪೇರಿ ಮಾಡಿದ್ರೆ ಬರ್ತೀಯಾ ನನ್ನ ಜೊತೆ?"

"ನೋಡೋಣ," ಎಂದ ಗುಡ್ಡ. ಆದರೆ ಆ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಳ್ಳಲಿಲ್ಲ, ಮುಷ್ಟಿ ಮಡಚಿಕೊಂಡೇ ಒಳಗೆ ಹೋದ. ಬುಗುರಿಗೆ ಅಷ್ಟು ಸಾಕಾಯಿತು.

ಮಾರನೆಯ ದಿನದಿಂದ ಉಜ್ಜಾಟ. ಬಿರುಕುಗಳನ್ನು ಹಲ್ಲು ಕೊರೆಯುವ ಸಣ್ಣ ಮೊನೆಯಿಂದ ಅಗಲಿಸಿ, ಕೆಂಪು ಬೆರೆಸಿದ ರೆಸಿನ್ ಅಂಟು ತುಂಬಿದಳು. ಮೂಲ ಕೆಂಪು ಯಾವುದೆಂದು ತಿಳಿಯುವುದಕ್ಕೆ ಸೀಟಿನ ಕೊಂಡಿಯ ಕೆಳಗೆ ಬಿಸಿಲು ಕಾಣದೆ ಉಳಿದಿದ್ದ ಒಂದು ಬೆರಳಗಲದ ಜಾಗವಿತ್ತು. ಹಲ್ಲಿಗೆ ಹಲ್ಲು ಹೊಂದಿಸುವವಳಿಗೆ ಅಷ್ಟು ಸಾಲದೇ? ಒರಟು ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಉದ್ದಕ್ಕೆ ಉಜ್ಜಿದಳು, ಅದರ ಗೀರು ಹೋಗಲು ನಯವಾದದ್ದರಿಂದ ಅಡ್ಡಕ್ಕೆ, ಇನ್ನೂ ನಯವಾದದ್ದರಿಂದ ಮತ್ತೆ ಉದ್ದಕ್ಕೆ. ಗುಲಾಬಿ ನೀರು ಓಣಿಯಿಂದ ಬೀದಿಗೆ, ಬೀದಿಯಿಂದ ಚರಂಡಿಗೆ ಹರಿದು, ಪಟ್ಟಣದ ಆ ತುದಿಯ ಸೊಳ್ಳೆಗಳೆಲ್ಲ ಗುಲಾಬಿಯಾದವು. ಕೆಲಸಕ್ಕೆ ಹೊರಡುವ ಮೊದಲು ಉಜ್ಜಿದಳು, ಬಂದು ಚಪ್ಪಲಿ ಬಿಡದೆ ಉಜ್ಜಿದಳು, ಒಲೆಯ ಮೇಲೆ ಹಾಲಿಟ್ಟು ಅದು ಉಕ್ಕುವಷ್ಟರಲ್ಲಿ ಎರಡು ಗೇಣು ಉಜ್ಜಿ ಬಂದಳು. ಹಾಲು ಉಕ್ಕಿಯೇ ಹೋಗುತ್ತಿತ್ತು, ಅದಿರಲಿ. ಅಂಚಿಗೆ ಹೊಸ ಮರದ ಪಟ್ಟಿ ಬಗ್ಗಿಸಿ ಕೂರಿಸಿ ಅಗಸೆ ಎಣ್ಣೆ ಕುಡಿಸಿದಳು. ಹಪ್ಪಳದ ಸೀಟು ಕಿತ್ತು ಹಲಗೆಯ ಸೀಟು ಹಾಕಿದಳು.

"ಏನಮ್ಮಾ," ಎಂದರು ಹಲ್ಲಿನ ಡಾಕ್ಟರು ಒಂದು ಮಧ್ಯಾಹ್ನ, "ಪಾಲಿಶ್ ಮಾಡೋ ಪ್ಯೂಮಿಸ್ ಪುಡಿ ಡಬ್ಬಿಗಟ್ಟಲೆ ಖಾಲಿ ಆಗ್ತಿದೆ. ಆನೆಗೇನಾದ್ರೂ ಹಲ್ಲು ಕಟ್ತಿದ್ದೀಯಾ?"

"ಆನೆಗಲ್ಲ ಸಾರ್, ಗುಡ್ಡಕ್ಕೆ," ಎಂದು ಅವಳು ಇನ್ನೊಂದು ಡಬ್ಬಿ ಚೀಲಕ್ಕಿಳಿಸಿದಳು.

ಉಜ್ಜುವ ಕೆಲಸ ಅವಳಿಗೆ ಹೇಳಿ ಮಾಡಿಸಿದ್ದು. ಪ್ರಾಣಕ್ಕೆ ಬಂದದ್ದು ಕಾಯುವ ಕೆಲಸ. ರೆಸಿನ್ ಹಚ್ಚಿದ ಮೇಲೆ ಅದು ಒಣಗಿ ಗಟ್ಟಿಯಾಗುವ ತನಕ ಮುಟ್ಟಬಾರದು. ಮುಟ್ಟಬಾರದು! ಬುಗುರಿಗೆ! ಅವಳು ಓಣಿಯಿಂದ ಒಳಗೆ ಹೋಗುವಳು, ಒಳಗಿಂದ ಓಣಿಗೆ ಬರುವಳು, ಉಗುರು ಕಡಿಯುವಳು, ಕೈ ಕಟ್ಟಿಕೊಳ್ಳುವಳು, ಕಟ್ಟಿದ ಕೈಯೊಳಗಿಂದಲೇ ಒಂದು ಹೆಬ್ಬೆರಳು ನುಸುಳಿ ಹೊರಬಂದು 'ಒಣಗಿತೋ ಇಲ್ಲವೋ ಒಂದೇ ಒಂದು ಸಲ' ಎಂದು ಮೂತಿಯ ಮೇಲೆ ಒತ್ತಿಬಿಡುವುದು. ಹೆಬ್ಬೆಟ್ಟಿನ ಗುರುತು! ಅದನ್ನು ಕೆರೆದು ಮತ್ತೆ ಹಚ್ಚುವಳು, ಮತ್ತೆ ಹೆಬ್ಬೆಟ್ಟು. ದೋಣಿಯ ಮೂತಿ ಪೊಲೀಸ್ ಸ್ಟೇಷನ್ನಿನ ಗೋಡೆಯಂತಾಯಿತು.

ಆಗ ಗುಡ್ಡ ಎದ್ದ. ಕುರ್ಚಿ ಎತ್ತಿಕೊಂಡು ಬಂದು, ದೋಣಿಗೂ ಹೆಂಡತಿಗೂ ನಡುವೆ ಇಟ್ಟು, ಕೂತ.

"ಸರಿ ಆಚೆ."

"ಇಲ್ಲ."

"ಅಲ್ಲಾ, ಒಂದೇ ಬೆರಳು. ಕಿರುಬೆರಳು."

"ಊಹೂಂ."

ಅವಳು ಎಡಗಡೆಯಿಂದ ನುಗ್ಗಿದರೆ ಎಡಕ್ಕೆ ಕಾಲು ಚಾಚಿದ, ಬಲಗಡೆಯಿಂದ ನುಗ್ಗಿದರೆ ಬಲಕ್ಕೆ. ಓಣಿಯ ಅಗಲವೆಲ್ಲ ಅವನೇ. ಸೋತು ಅವಳು ಮೆಟ್ಟಿಲ ಮೇಲೆ ಕೂತಳು, ಎದ್ದಳು, ಕೂತಳು. ಗುಡ್ಡ ಅವಳ ಕಡೆ ನೋಡದೆ, ಕೆಂಪು ತಿರುಗುತ್ತಿದ್ದ ದೋಣಿಯ ಮಗ್ಗುಲನ್ನು ನೋಡುತ್ತ, ವರ್ಷಗಟ್ಟಲೆಯ ಮಾತನ್ನು ಒಟ್ಟಿಗೇ ಆಡಿದ:

"ಅಪ್ಪ ಹೊಸ ದೋಣಿಗೆ ಎಣ್ಣೆ ಹಾಕಿದ ದಿನ ಊಟಾನೂ ಅಲ್ಲೇ ಮಾಡ್ತಿದ್ದ. ಯಾರೂ ಮುಟ್ಟಬಾರದು ಅಂತ. ನಾನೊಂದ್ಸಲ ಮುಟ್ಟಿದ್ದೆ."

"ಹೊಡೆದ್ರಾ?"

"ಇಲ್ಲ. ನನ್ನ ಕೈ ಗುರುತು ಹಾಗೇ ಬಿಟ್ಟ. ಜನ ದಾಟೋವಾಗೆಲ್ಲ ತೋರಿಸ್ತಿದ್ದ. ಇದು ನನ್ನ ಮಗನ ಸಹಿ ಅಂತ."

ಬುಗುರಿ ಬೆರಳು ಮಡಚಿ ಕಂಕುಳಲ್ಲಿಟ್ಟುಕೊಂಡಳು. ಅಂದು ರೆಸಿನ್ ಒಣಗಿತು.

ಇನ್ನುಳಿದದ್ದು ಹೊಳಪು. ಇಲ್ಲಿ ಅವಳ ಕಸುಬು ಅವಳ ತಲೆಯ ಮೇಲೆ ಹತ್ತಿ ಕೂತಿತು. ಕಟ್ಟುಹಲ್ಲಿನ ತಟ್ಟೆಗೆ ಎರಡು ಮುಖ. ವಸಡಿನ ಮೇಲೆ ಕೂರುವ ಮುಖಕ್ಕೆ ಪಾಲಿಶ್ ಮುಟ್ಟಿಸಲೇಬಾರದು. ಮುಟ್ಟಿಸಿದರೆ ಹಿಡಿತ ತಪ್ಪಿ ಸೆಟ್ಟು ಬಾಯಲ್ಲಿ ಕುಣಿಯುತ್ತದೆ. ನಾಲಿಗೆ ಓಡಾಡುವ ಮುಖವನ್ನು ಮಾತ್ರ ಕನ್ನಡಿ ಮಾಡಬೇಕು, ಒಂದು ಕೂದಲಷ್ಟು ಒರಟು ಉಳಿದರೂ ನಾಲಿಗೆ ಅಲ್ಲೇ ಹೋಗಿ ಹುಣ್ಣು ಮಾಡಿಕೊಳ್ಳುತ್ತದೆ. ಬುಗುರಿ ದೋಣಿಯ ಸುತ್ತ ತಿರುಗಿ ತಿರುಗಿ ಯೋಚಿಸಿದಳು. ದೋಣಿ ಕೂರುವುದು ಎಲ್ಲಿ? ನೀರಿನ ಮೇಲೆ. ಹಾಗಾದರೆ ತಳ ವಸಡಿನ ಮುಖ, ಅಲ್ಲಿ ಹಿಡಿತ ಬೇಕು. ಜನ ಓಡಾಡುವುದು ಎಲ್ಲಿ? ಒಳಗೆ. ಹಾಗಾದರೆ ಒಳಗು ನಾಲಿಗೆಯ ಮುಖ.

ಹೊರಮಗ್ಗುಲು ತುಟಿಯ ಕಡೆಯದು, ನಾಲ್ಕು ಜನ ನೋಡುವಂಥದು. ಅದಕ್ಕೆ ಹೊಳಪು ಕೊಟ್ಟಳು. ತಳವನ್ನು ತೊಳೆದು, ಬಿರುಕು ಮುಚ್ಚಿ, ಆ ಪೆಚ್ಚು ವಸಡಿನ ಬಣ್ಣದಲ್ಲೇ ಬಿಟ್ಟಳು. ಒಳಗಿನ ಒರಟು ಫೈಬರಿಗೆ ತಿಳಿಯಾದ ರೆಸಿನ್ ಪದರದ ಮೇಲೆ ಪದರ ಕೊಟ್ಟು, ಉಪ್ಪುಕಾಗದ, ಪ್ಯೂಮಿಸ್, ಬಟ್ಟೆಯ ಚಕ್ರ, ಮೇಣ. ಹಲಗೆಯ ಸೀಟುಗಳಿಗೆ ವಾರ್ನಿಷ್ ಮೇಲೆ ಮೇಣ, ಮೇಣದ ಮೇಲೆ ಮೇಣ. ಮುಗಿದಾಗ ದೋಣಿಯೊಳಗೆ ಇಳಿದ ನೊಣವೊಂದು ಈ ತುದಿಯಲ್ಲಿ ಕಾಲಿಟ್ಟು ಆ ತುದಿಯಿಂದ ಹಾರಿಹೋಯಿತು, ನಡುವೆ ಎಲ್ಲೂ ನಿಲ್ಲಲಾಗದೆ.

ನಾದಿನಿ ಕೆಳಗಿಳಿದು ಬಂದು, ಒಳಗೆ ಬಗ್ಗಿ ನೋಡಿ, ತನ್ನ ಮುಖ ಕಂಡು ಕೂದಲು ಸರಿಮಾಡಿಕೊಂಡಳು.

"ಅಯ್ಯೋ ಅತ್ತಿಗೇ! ಪೂರ್ತಿ ಮುಗಿಸಿಬಿಟ್ಯಲ್ಲೇ! ಹುಷಾರಾಗಿದ್ದೀಯಾ ತಾನೆ?"

ಗುಡ್ಡನೂ ಬಂದ. ಬಗ್ಗಿ ಒಳಮೈಗೆ ಅಂಗೈ ಒತ್ತಿದ. ಅಂಗೈ ತಾನಾಗಿ ಜಾರಿ ಸೀಟಿನ ಹಲಗೆಗೆ ತಗುಲಿ ನಿಂತಿತು. ಆಮೇಲೆ ತಳವನ್ನು ಮುಟ್ಟಿದ. ಮತ್ತೆ ಒಳಗು, ಮತ್ತೆ ತಳ. ಅವನ ಮೀಸೆ ಒಂದು ಕಡೆ ಅಲುಗಿತು. ಬುಗುರಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ, ಇನ್ನೊಂದರಿಂದ ಮತ್ತೊಂದಕ್ಕೆ ಜಿಗಿಯುತ್ತಿದ್ದಳು.

"ಏನಾದ್ರೂ ತಪ್ಪಾಗಿದ್ಯಾ? ಹೇಳು. ಬರ್ತೀಯೋ ಇಲ್ವೋ? ಹೇಳು!"

ಅವಳು ಕಾದದ್ದು 'ನೋಡೋಣ'ಕ್ಕೆ. ಗುಡ್ಡ ಹೇಳಿದ, "ಭಾನುವಾರ ಹೋಗೋಣ."

ಬೀದಿಯ ದೀಪದ ಕಂಬಗಳೂ ಕಿವಿ ನಿಮಿರಿಸಿದವು.

ಭಾನುವಾರ ಬೆಳಗ್ಗೆ ಕೆರೆ ಹಾಲಿನ ಕೆನೆಯಂತೆ ಅಲುಗದೆ ಬಿದ್ದಿತ್ತು. ಗುಡ್ಡ ಕನ್ನಡಕಕ್ಕೆ ದಾರ ಕಟ್ಟಿ ಕತ್ತಿಗೆ ಹಾಕಿಕೊಂಡಿದ್ದ. ಕಂಕುಳಲ್ಲಿ ಮಡಚಿದ ಗೋಣಿಚೀಲ. ದೋಣಿಯನ್ನು ನೀರಿಗಿಳಿಸಿ, ಬುಗುರಿಯನ್ನು ಕೈಹಿಡಿದು ಮುಂದಿನ ಸೀಟಿಗೆ ಹತ್ತಿಸಿ, ತಾನು ಹಿಂದಿನ ಸೀಟಿನ ಮೇಲೆ ಗೋಣಿ ಹಾಸಿ ಕೂತು, ಹುಟ್ಟಿನಿಂದ ದಡವನ್ನು ಮೆಲ್ಲಗೆ ನೂಕಿದ.

ದೋಣಿ ಸರಿಯಿತು. ಬುಗುರಿಯೂ ಸರಿದಳು. ದೋಣಿ ಮುಂದಕ್ಕೆ, ಅವಳು ಹಿಂದಕ್ಕೆ. ಗಾಬರಿಯಾಗಿ ಮುಂದೆ ಬಾಗಿದಳು. ಸುಂಯ್ಯನೆ ಮುಂದಕ್ಕೆ ಜಾರಿ ಮೊಣಕಾಲು ಮೂತಿಗೆ ತಾಗಿತು. ಎಡಕ್ಕೆ ತುಸು ಹೊರಳಿದರೆ ಹಲಗೆ ಅವಳನ್ನು ಎಡದಂಚಿಗೆ ಒಪ್ಪಿಸಿತು, ಬಲಕ್ಕೆ ಹೊರಳಿದರೆ ಬಲದಂಚಿಗೆ. ಕಾಲೂರಿ ನಿಲ್ಲೋಣವೆಂದರೆ ನೆಲ ಕಾಲಿನ ಕೆಳಗಿಂದ ಬೆಣ್ಣೆಯಂತೆ ಓಡಿತು. ತಾನು ಏನು ಮಾಡಿಟ್ಟಿದ್ದೇನೆಂದು ಆಗ ಅವಳಿಗೆ ಹೊಳೆಯಿತು. ವಸಡಿನ ಮುಖ ಯಾವುದು, ನಾಲಿಗೆಯ ಮುಖ ಯಾವುದು! ಇಲ್ಲಿ ಕೂರಬೇಕಾದದ್ದು ದೋಣಿಯಲ್ಲ, ತಾನು!

ಬಾಯಿ ಬಿಟ್ಟರೆ ಗಂಡ ದಡಕ್ಕೆ ತಿರುಗಿಸುತ್ತಾನೆ. ತಿರುಗಿಸಿದರೆ ಮತ್ತೆ ಜನ್ಮದಲ್ಲಿ ಹತ್ತುವುದಿಲ್ಲ. ಬುಗುರಿ ಎರಡೂ ಅಂಚುಪಟ್ಟಿಗಳನ್ನು ಹಿಡಿದಳು. ಬೆನ್ನು ನೆಟ್ಟಗೆ ಮಾಡಿದಳು. ಉಸಿರನ್ನು ಅರ್ಧಕ್ಕೆ ಇಳಿಸಿದಳು. ಮತ್ತು, ಲೋಕದ ಚರಿತ್ರೆಯಲ್ಲಿ ಮೊಟ್ಟಮೊದಲ ಸಲ, ಕೂತಳು.

ಒಳಗೆ ಮಾತ್ರ ಬಿರುಗಾಳಿ. ಮೂಗಿನ ತುದಿ ತುರಿಸಿತು. ಎಡಗಾಲಿನ ಕಿರುಬೆರಳು ಎದ್ದು ಹೋಗಲು ಅಪ್ಪಣೆ ಕೇಳಿತು. ಒಂದು ಬೆಳ್ಳಕ್ಕಿ ಬಲಗಡೆಯಿಂದ ಹಾರಿಹೋಯಿತು, ಅವಳ ಕುತ್ತಿಗೆಯ ನರವೆಲ್ಲ ಆ ಕಡೆಗೆ ಎಳೆಯಿತು, ತಿರುಗಲಿಲ್ಲ. ನೀರಿನಲ್ಲಿ ದುಂಡಗೆ ಏನೋ ತಲೆ ಎತ್ತಿತು. ಅದು ಆಮೆಯೇ, ಹಳೇ ಆಮೆಯೇ, ಇವಳನ್ನು ಗುರುತು ಹಿಡಿದು ಕಣ್ಣು ಮಿಟುಕಿಸಿತು ಬೇರೆ. ಬುಗುರಿ ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡಳು. ಹಿಂದಿನಿಂದ ಹುಟ್ಟಿನ ಸದ್ದು ಬರುತ್ತಿತ್ತು: ಚುಳುಕ್, ಬಿಡುವು, ಚುಳುಕ್. ಎಷ್ಟೋ ವರ್ಷದ ಮೇಲೆ ಅಂಬಿಗನ ಮಗನ ಕೈ ತನ್ನ ಮಾತು ಆಡುತ್ತಿತ್ತು. ಅದಕ್ಕಾಗಿ ಅವಳು ಕಲ್ಲಾಗಲೂ ತಯಾರಿದ್ದಳು.

ಹಿಂದೆ ಚುಳುಕ್ ನಿಂತಿತು.

"ಏಯ್," ಎಂದ ಗುಡ್ಡ.

ಅವಳು ಉತ್ತರಿಸಲಿಲ್ಲ. ಉತ್ತರಿಸಿದರೆ ದವಡೆ ಅಲುಗುತ್ತದೆ, ದವಡೆ ಅಲುಗಿದರೆ ಕುತ್ತಿಗೆ, ಕುತ್ತಿಗೆ ಅಲುಗಿದರೆ ಸೊಂಟ.

"ಏಯ್, ಯಾಕೆ ಅಲ್ಲಾಡ್ತಿಲ್ಲ?"

ಬುಗುರಿ ಅಂಚುಪಟ್ಟಿಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಎದೆ ನೋವಾ? ತಲೆ ಸುತ್ತಾ? ಏನಾಯ್ತೇ ನಿಂಗೆ? ಮಾತಾಡೇ!"

ಇಷ್ಟು ವರ್ಷಗಳ ಸಂಸಾರದಲ್ಲಿ ಅವಳ ಬೆನ್ನು ಇಷ್ಟು ಹೊತ್ತು ಒಂದೇ ಕಡೆ ಇದ್ದದ್ದನ್ನು ಅವನು ಕಂಡಿರಲಿಲ್ಲ. ಗುಡ್ಡಕ್ಕೆ ನಡುಕ ಹುಟ್ಟಿತು. ಹುಟ್ಟನ್ನು ಬಿಸಾಕಿ, ಅವಳ ಮುಖ ನೋಡಲು ಎದ್ದ. ಎದ್ದವನು ಗೋಣಿಚೀಲ ಬಿಟ್ಟು ಆ ಕನ್ನಡಿಯ ಮೇಲೆ ಕಾಲಿಟ್ಟ.

ಬಿದ್ದ ಸದ್ದಿಗೆ ಮೂರು ಊರಾಚೆ ಮಲಗಿದ್ದ ಮಕ್ಕಳು ಎದ್ದು ಅತ್ತವು. ಕೆರೆಯ ನೀರು ಒಂದು ಆಳು ಮೇಲಕ್ಕೆ ಹೋಗಿ, ಯೋಚನೆ ಮಾಡಿ, ಕೆಳಗೆ ಬಂತು. ದೋಣಿ ಮಗುಚಿಕೊಂಡು, ತನ್ನ ವಸಡಿನ ಬಣ್ಣದ ಹೊಟ್ಟೆಯನ್ನು ಬಿಸಿಲಿಗೆ ತೋರಿಸುತ್ತ ತೇಲಿತು. ಅದರ ಆಚೆ ಮಗ್ಗುಲಲ್ಲಿ ಬುಗುರಿ ತಲೆ ಎತ್ತಿದಳು, ಈಚೆ ಮಗ್ಗುಲಲ್ಲಿ ಗುಡ್ಡ. ದಡದ ಹತ್ತಿರದ ಆಳವಿಲ್ಲದ ಜಾಗ, ನೀರು ಎದೆಮಟ್ಟ. ಗುಡ್ಡನ ಕನ್ನಡಕ ದಾರದಲ್ಲಿ ಜೋತಾಡುತ್ತಿತ್ತು.

"ಹುಷಾರಾಗಿದ್ದೀಯಾ?" ಎಂದು ಕೇಳಿದ ಗುಡ್ಡ.

"ಇದ್ದೆ! ನೀನು ಎದ್ದು ನಿಲ್ಲೋ ತನಕ ಚೆನ್ನಾಗೇ ಇದ್ದೆ!" ಅವಳು ಮುಖದ ನೀರು ಒರೆಸಿದಳು. ಆಗ ಅವಳ ಕಣ್ಣಿಗೆ ಬಿದ್ದದ್ದು ತೇಲುತ್ತಿದ್ದ ಗೋಣಿಚೀಲ. ಒಂದೇ ಗೋಣಿಚೀಲ. "ತಡಿ. ನಿನಗೊಬ್ಬನಿಗೇ ಗೋಣಿ ತಂದ್ಕೊಂಡಿದ್ದೀಯ. ಜಾರತ್ತೆ ಅಂತ ಗೊತ್ತಿತ್ತಾ ನಿಂಗೆ?"

ಗುಡ್ಡ ಕನ್ನಡಕ ಏರಿಸಿಕೊಂಡ. "ಹೂಂ. ದೋಣಿ ಒಳಗೆ ಒರಟಿರಬೇಕು. ಅಪ್ಪ ಮರಳು ಚೆಲ್ತಿದ್ದ."

"ಮತ್ತೆ ಹೇಳೋಕೇನಾಗಿತ್ತು ರೋಗ?"

"ಹೇಳಿದ್ರೆ ನೀನು ಉಜ್ಜಿ ಒರಟು ಮಾಡ್ತಿದ್ದೆ. ಒರಟು ಮಾಡಿದ್ರೆ ಎದ್ದು ನಿಲ್ತಿದ್ದೆ."

"ಈಗ ಎದ್ದು ನಿಂತಿದ್ದು ಯಾರಪ್ಪಾ?"

ಗುಡ್ಡನ ಹೊಟ್ಟೆಯೊಳಗಿಂದ ಬಸ್ಸು ಸ್ಟಾರ್ಟಾಗುವಂಥ ಸದ್ದು ಹೊರಟಿತು. ನಗು. ನಗುವಿಗೆ ನೀರು ಉಂಗುರ ಉಂಗುರವಾಗಿ ದಡಕ್ಕೆ ಹೋಗಿ ಬಡಿಯಿತು. ಬುಗುರಿ ದೋಣಿಯ ಹೊಟ್ಟೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತಳ ಜಾರಲಿಲ್ಲ, ಅಲ್ಲಿ ಒಳ್ಳೆಯ ಹಿಡಿತವಿತ್ತು.

ದೋಣಿಯನ್ನು ಮತ್ತೆ ಅಂಗಾತ ತಿರುಗಿಸಿ ನೀರು ಚೆಲ್ಲಿ, ದಡದ ಹತ್ತಿರಕ್ಕೆ ಎಳೆದರು. ಇಬ್ಬರೂ ತೊಯ್ದು ತೊಪ್ಪೆ. ಬುಗುರಿಯ ನಗು ಇಳಿದು, ಹಳೇ ದಿಗಿಲು ಮೇಲೆದ್ದಿತು. ಕಾಲಿಂದ ಕಾಲಿಗೆ ಭಾರ ಬದಲಿಸುತ್ತ ಕೇಳಿದಳು:

"ಮನೆಗಾ?"

"ಮನೆಗ್ಯಾಕೆ? ಹತ್ತು."

"ಒಳಗೆ ಉಪ್ಪುಕಾಗದ ಹಾಕಿ ಒರಟು ಮಾಡಿ, ಮುಂದಿನ ವಾರ..."

"ಮುಟ್ಟಬೇಡ ಅದನ್ನ. ಹತ್ತು."

ಹತ್ತಿದಳು. ತೇಲುತ್ತಿದ್ದ ಹುಟ್ಟನ್ನು ಎತ್ತಿಕೊಂಡು ಅವನೂ ಹತ್ತಿದ. ಗೋಣಿಚೀಲ ಆಗಲೇ ನಡುನೀರಿಗೆ ಹೊರಟುಹೋಗಿತ್ತು. ಈಗ ಹಿಂದಿನ ಸೀಟೂ ಜಾರುತ್ತಿತ್ತು. ಇಬ್ಬರೂ ಪ್ಲಾಸ್ಟರಿನ ಗೊಂಬೆಗಳಂತೆ ಸೆಟೆದು ಕೂತರು. ಚುಳುಕ್, ಬಿಡುವು, ಚುಳುಕ್. ದಡ ಹಿಂದೆ ಸರಿಯಿತು.

"ಏಯ್," ಎಂದ ಗುಡ್ಡ, "ಕೂತಿರು. ಆದ್ರೆ ಮಾತಾಡ್ತಾ ಇರು."

"ಏನು ಮಾತಾಡ್ಲಿ?"

"ಏನಾದ್ರೂ. ಸುಮ್ಮನಿದ್ರೆ ನಂಗೆ ಭಯ ಆಗತ್ತೆ."

ಬುಗುರಿ ಶುರು ಮಾಡಿದಳು.